ಅವ್ವನ ಮೂಗುತಿಯ ಹರಳು

ನಿಸರ್ಗದಲ್ಲಿ ವಜ್ರಕ್ಕಿಂತ ಕಠಿಣವಾದ ವಸ್ತುವಿಲ್ಲವೆಂದು ವಿಜ್ಞಾನದ ಗುರುಗಳು ಒಂಬತ್ತನೆಯ ಇಯತ್ತೆಯಲ್ಲಿ ಹೇಳಿದ ದಿನವೇ ನಾನು ಮನೆಗೆ ಬಂದು ಒಂದು ಪ್ರಮಾದವನ್ನೆಸಗಿದೆನು. ಅದು 1961ನೆಯ ಇಸವಿ. ಅಜ್ಜನು ಅವ್ವನ ಮದುವೆಗೆಂದು ಹುಬ್ಬಳ್ಳಿಯ ಪೇಟೆಯಲ್ಲಿ ಸಾಲ ಮಾಡಿ ಕೊಂಡ ವಜ್ರದ ಮೂಗುತಿ ನಮ್ಮ ಮನೆಯಲ್ಲಿದ್ದಿತು. ವಜ್ರವಾದರೆ ಒಡೆಯಲಾರದೆಂದು ತಿಳಿದ ನಾನು, ಅದನ್ನು ಒಳಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆದೆನು. ಹರಳು ಮೂರು ಚೂರಾಯಿತು.

ಅವ್ವ ಬೈಯಲಿಲ್ಲ. "ನಿಮ್ಮಜ್ಜಗ ಯಾರೋ ಮೋಸ ಮಾಡಿ ಗಾಜು ಕೊಟ್ಟಾರಪಾ" ಎಂದಷ್ಟೇ ನುಡಿದು ಚೂರುಗಳನ್ನು ಅರಿವೆಯಲ್ಲಿ ಕಟ್ಟಿಟ್ಟಳು. ಅಜ್ಜನು ಆಗಲೇ ತೀರಿಹೋಗಿದ್ದನು. ಅವನು ಮೋಸಹೋದವನೆಂಬ ಮಾತು ಮಾತ್ರ ಮನೆಯಲ್ಲಿ ಉಳಿಯಿತು.

ಮುಂದೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದುವಾಗ ನನ್ನ ತಪ್ಪು ತಿಳಿಯಿತು. ವಜ್ರವೆಂದರೆ ಇಂಗಾಲ. 1797ರಲ್ಲಿ ಇಂಗ್ಲೆಂಡಿನ ಸ್ಮಿತ್ಸನ್ ಟೆನಂಟನು ವಜ್ರವನ್ನು ಸುಟ್ಟು, ಅಷ್ಟೇ ತೂಕದ ಇದ್ದಲಿನಿಂದ ಬರುವಷ್ಟೇ ಇಂಗಾಲಾಮ್ಲ ವಾಯು ಅದರಿಂದಲೂ ಬರುವುದೆಂದು ತೋರಿಸಿದನು. ಪೆನ್ಸಿಲ್ಲಿನೊಳಗಿನ ಗ್ರಾಫೈಟೂ ಇಂಗಾಲವೇ. ಭೇದವಿರುವುದು ಪರಮಾಣುಗಳ ಜೋಡಣೆಯಲ್ಲಿ. ಗ್ರಾಫೈಟಿನಲ್ಲಿ ಅವು ಪದರು ಪದರಾಗಿದ್ದು, ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ವಜ್ರದಲ್ಲಾದರೋ ಪ್ರತಿಯೊಂದು ಪರಮಾಣುವೂ ಸುತ್ತಲಿನ ನಾಲ್ಕು ಪರಮಾಣುಗಳೊಡನೆ ಬಲವಾಗಿ ಬೆಸೆದಿರುತ್ತದೆ. ಆದುದರಿಂದಲೇ ಗ್ರಾಫೈಟಿನ ಸಾಂದ್ರತೆ ಸುಮಾರು 2.2 ಇದ್ದರೆ ವಜ್ರದ್ದು 3.5; ಅದರ ವಕ್ರೀಭವನಾಂಕ 2.42, ಮೋಸ್ ಮಾನದಲ್ಲಿ ಅದರ ಕಾಠಿಣ್ಯ 10.

ಆದರೆ ಕಾಠಿಣ್ಯವೆಂದರೆ ಗೀರನ್ನು ತಡೆಯುವ ಶಕ್ತಿ. ಪೆಟ್ಟನ್ನು ತಾಳುವ ಶಕ್ತಿಯಲ್ಲ. ವಜ್ರದ ಹರಳಿನಲ್ಲಿ ಸುಲಭವಾಗಿ ಸೀಳುವ ನಾಲ್ಕು ದಿಕ್ಕುಗಳ ತಲಗಳಿವೆ. ಅಲ್ಲಿ ಪೆಟ್ಟು ಬಿದ್ದರೆ ಹರಳು ಕಟ್ಟಿಗೆಯಂತೆ ಸೀಳುತ್ತದೆ. ನಾನು ಸುತ್ತಿಗೆಯನ್ನೆತ್ತುವುದಕ್ಕಿಂತ ಬಹು ಮೊದಲೇ, 1946ರಲ್ಲಿ, ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಶಿಷ್ಯರಾದ ಎಸ್. ರಾಮಶೇಷನ್ನರು ವಜ್ರದ ಈ ಸೀಳುಗುಣವನ್ನೇ ಕುರಿತು ಪ್ರಬಂಧವನ್ನು ಪ್ರಕಟಿಸಿದ್ದರು.

ರಜೆಯಲ್ಲಿ ಊರಿಗೆ ಹೋದಾಗ ಅರಿವೆಯ ಗಂಟನ್ನು ಬಿಚ್ಚಿಸಿ, ಪರಿಚಯದ ಪತ್ತಾರರಲ್ಲಿಗೆ ಒಯ್ದೆನು. ಅವರಲ್ಲಿದ್ದ ಒಡಕು ಮಾಣಿಕ್ಯವೊಂದರ ಮೇಲೆ ಚೂರಿನ ಮೊನೆಯಿಂದ ಗೀರಿ ನೋಡಿದೆವು. ಮಾಣಿಕ್ಯದ ಕಾಠಿಣ್ಯ 9. ಗಾಜಿನಿಂದ ಅದಕ್ಕೆ ಗೀರು ಬೀಳದು. ಗೀರು ಸ್ಪಷ್ಟವಾಗಿ ಬಿದ್ದಿತು. ಪತ್ತಾರರು ಭೂತಗನ್ನಡಿ ಹಿಡಿದು ನೋಡಿ ತಲೆದೂಗಿದರು.

ಸುದ್ದಿ ಕೇಳಿದ ಅವ್ವ ಕೆಲಹೊತ್ತು ಸುಮ್ಮನಿದ್ದಳು. "ಹಂಗಾದ್ರ ನಮ್ಮಪ್ಪ ಮೋಸ ಹೋಗಿದ್ದಿಲ್ಲ" ಎಂದಳು. ಹರಳಿನ ಮಾತನ್ನು ಆಕೆ ಎತ್ತಲೇ ಇಲ್ಲ.

ಗುರುಗಳು ಹೇಳಿದ್ದು ಸತ್ಯವಾಗಿತ್ತು; ಅದನ್ನು ಅರ್ಧ ತಿಳಿದು ಓಡಿದವನು ನಾನು. ಮುಂದೆ ನಾನೂ ಶಿಕ್ಷಕನಾದೆನು. ವಜ್ರದ ಪಾಠ ಬಂದಾಗಲೆಲ್ಲ, ಅದು ಕಠಿಣವೆಂದು ಹೇಳಿದ ಮರುಕ್ಷಣವೇ ಅದು ಒಡೆಯುತ್ತದೆಂಬುದನ್ನೂ ಮಕ್ಕಳಿಗೆ ಹೇಳದೆ ನಾನು ತರಗತಿಯನ್ನು ಬಿಟ್ಟದ್ದಿಲ್ಲ.