ಹೊಗೆಯನ್ನೂ ಹೇಳಿ ಮಾರೋಣ

ಆಗಾಗ ಕೈಕೊಡುವ ಹಳೆಯ ಬೈಕೊಂದು ನಿಮ್ಮ ಅಂಗಳದಲ್ಲೂ ಇರಬಹುದು. ನಮ್ಮದು ಮಳೆ ಬಂತೆಂದರೆ ಸ್ಟಾರ್ಟ್ ಆಗದು. ಸೈಲೆನ್ಸರಿನಿಂದ ನೀಲಿ ಹೊಗೆ. ಪಿಸ್ಟನ್ ರಿಂಗ್ ಸವೆದು ಆಯಿಲ್ ಸುಡುತ್ತಿದೆ ಎನ್ನುತ್ತಾರೆ ಮೆಕ್ಯಾನಿಕ್. ಇಟ್ಟುಕೊಳ್ಳುವುದೇ, ಮಾರುವುದೇ?

ಒಂದು ವರ್ಷದ ಗ್ಯಾರೇಜ್ ಚೀಟಿಗಳನ್ನು ಕೂಡಿಸಿ ನೋಡಿ. ಮೊತ್ತವು ಬೈಕಿನ ಈಗಿನ ಬೆಲೆಯ ಸಮೀಪ ಬಂದರೆ ಮಾರುವುದೇ ಲೇಸು. ನಡುರಾತ್ರಿ ಮಗುವಿಗೆ ಜ್ವರ ಬಂದಾಗ ನಂಬಲಾಗದ ವಾಹನ ಇದ್ದೂ ಇಲ್ಲದಂತೆ.

ಪರೀಕ್ಷೆ ಇರುವುದು ಮಾರುವಾಗ. “ದಪ್ಪ ಆಯಿಲ್ ಹಾಕಿ, ಇಂಜಿನ್ ಬಿಸಿ ಮಾಡಿಟ್ಟು ತೋರಿಸಿ” ಎಂದು ಬ್ರೋಕರರೊಬ್ಬರು ನಮ್ಮ ಮನೆಯವರಿಗೆ ಉಪಾಯ ಹೇಳಿಕೊಟ್ಟರು. ಪ್ರವಾದಿವರ್ಯರು(ಸ) ವ್ಯಾಪಾರಿಯೊಬ್ಬನ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಗಲಿದ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಧಾನ್ಯ ಮಳೆಗೆ ನೆನೆದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆಯನ್ನು ಮೇಲೆ ಕಾಣುವಂತೆ ಇಡದಿದ್ದುದು ತಪ್ಪು. ದಪ್ಪ ಆಯಿಲ್ ಮಾಡುವುದೂ ಅದನ್ನೇ ಅಲ್ಲವೇ?

ಇಂತಹ ಬೈಕ್ ಕೊಳ್ಳುವವರು ಹೊಸದಕ್ಕೆ ಹಣವಿಲ್ಲದವರು. ಹಿಂದಿನ ಸೀಟಿನಲ್ಲಿ ಕೂರುವವಳು ನಮ್ಮಂತಹ ಒಬ್ಬಳು ತಾಯಿ. ದೋಷ ಹೇಳಿ, ಬೆಲೆ ಇಳಿಸಿ ಮಾರೋಣ. ಯಾರೂ ಕೊಳ್ಳದಿದ್ದರೆ ಗುಜರಿಗಾದರೂ ಹೋಗಲಿ.

ಇನ್ನೊಂದು ಮಾತು. ಆರ್‌ಸಿ ಹೊಸಬರ ಹೆಸರಿಗೆ ಆಗುವವರೆಗೆ ನಿಶ್ಚಿಂತರಾಗಬೇಡಿ. 29 ಮತ್ತು 30ನೇ ನಮೂನೆ ತುಂಬಿ ಆರ್‌ಟಿಒ ಕಚೇರಿಗೆ ಸಲ್ಲಿಸಬೇಕು. ದಾಖಲೆಯಲ್ಲಿ ಹೆಸರಿರುವವರೇ ಮಾಲಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಮ್ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ.

ನಾವು ಹೊಗೆಯನ್ನೂ ಹೇಳಿಯೇ ಮಾರಲು ನಿರ್ಧರಿಸಿದ್ದೇವೆ. ಸಿಗುವ ಹಣ ಕಡಿಮೆಯಾದೀತು. ಅದರಲ್ಲಿ ಬರಕತ್ ಇರುತ್ತದೆ, ಇನ್‌ಶಾ ಅಲ್ಲಾಹ್.