ದೀಪ ಮಾತಾಡುವ ಊರಿನಲ್ಲಿ

ಅಹಮದಾಬಾದಿನ ಸಾರಾಭಾಯಿ ಮನೆತನದ ಇಬ್ಬರು ಅಣ್ಣತಮ್ಮಂದಿರು ಈ ನಗರದಲ್ಲಿ ಎರಡು ಬೇರೆ ಬೇರೆ ಬಗೆಯ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದರು. ತಮ್ಮ ವಿಕ್ರಮ್ 1947ರಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಅಣ್ಣ ಗೌತಮ್ ಮತ್ತು ಅವರ ಪತ್ನಿ, ಮನೋವಿಶ್ಲೇಷಕಿ ಕಮಲಿನಿ, ಬಿ. ಎಂ. ಮಾನಸಿಕ ಆರೋಗ್ಯ ಸಂಸ್ಥೆಯನ್ನು ಪೋಷಿಸಿದರು. ಮೊದಲನೆಯದಕ್ಕೆ ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ವಿದ್ಯಾರ್ಥಿಯಾಗಿ ಬಂದರು. ವಿಕ್ರಮರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಅಧ್ಯಯನ ನಡೆಸಿದರು. ಗೌತಮರ ಆಹ್ವಾನದ ಮೇಲೆ 1962ರಲ್ಲಿ ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಬಂದರು. ಗಾಂಧೀಜಿಯ ಕುರಿತಾದ ಅವರ ಗ್ರಂಥದ ಬೀಜ ಬಿದ್ದದ್ದು ಆ ಭೇಟಿಯಲ್ಲೇ. ಆಕಾಶದಿಂದ ಬಂದದ್ದನ್ನು ಅಳೆಯುವವರೂ ಮನಸ್ಸಿನೊಳಗಿನದನ್ನು ಆಲಿಸುವವರೂ ಒಂದೇ ಊರಿನಲ್ಲಿ ಇದ್ದರು. ಗುಜರಾತಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಇದು ಮೇಲಿಂದ ಮೇಲೆ ನೆನಪಾಗುತ್ತದೆ. ಈಚೆಗೆ ಈ ಎರಡು ವಿದ್ಯೆಗಳ ಗಡಿ ಒಂದು ವಿಚಿತ್ರ ಜಾಗದಲ್ಲಿ ಕೂಡಿಕೊಂಡಿದೆ.

ಬೆಳಕು ಸಂದೇಶ ಒಯ್ಯುವುದು ಹೊಸ ಸಂಗತಿಯಲ್ಲ. ಗ್ರಹಾಂ ಬೆಲ್ 1880ರಲ್ಲೇ ಬಿಸಿಲಿನ ಕಿರಣದ ಮೇಲೆ ಮನುಷ್ಯನ ದನಿಯನ್ನು ಇನ್ನೂರು ಮೀಟರಿಗೂ ಮಿಕ್ಕಿ ದೂರ ಕಳಿಸಿದ್ದರು. ಇಂದಿನ ಎಲ್‌ಇಡಿ ದೀಪ ಸೆಕೆಂಡಿಗೆ ಲಕ್ಷಾಂತರ ಸಲ ಮಿನುಗಬಲ್ಲದು. ಅಷ್ಟು ವೇಗದ ಮಿನುಗು ಕಣ್ಣಿಗೆ ತಿಳಿಯುವುದಿಲ್ಲ, ದೀಪ ಸುಮ್ಮನೆ ಉರಿಯುತ್ತಿರುವಂತೆಯೇ ಕಾಣುತ್ತದೆ. ಎದುರಿಗಿಟ್ಟ ಬೆಳಕು ಗ್ರಾಹಕ ಸಾಧನ ಮಾತ್ರ ಅದನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ಎಡಿನ್‌ಬರೋದ ಹೆರಾಲ್ಡ್ ಹಾಸ್ 2011ರಲ್ಲಿ ಇದಕ್ಕೆ ಲೈ-ಫೈ ಎಂದು ಹೆಸರಿಟ್ಟು ಪ್ರಚಾರ ಕೊಟ್ಟರು. ಅಹಮದಾಬಾದಿನ ಒಂದು ಕಂಪನಿ ಅರವಲ್ಲಿ ಜಿಲ್ಲೆಯ ಆಕರುಂದ್ ಮತ್ತು ನವಾನಗರ ಎಂಬ ಹಳ್ಳಿಗಳಿಗೆ ಬೆಳಕಿನ ಮೂಲಕವೇ ಅಂತರ್ಜಾಲ ಒದಗಿಸಿದ ಸುದ್ದಿ ಕೆಲವು ವರ್ಷಗಳ ಹಿಂದೆ ಪತ್ರಿಕೆಗಳಲ್ಲಿ ಬಂದಿತ್ತು. ಇದೇ ನಗರದ ಇಸ್ರೋ ಕೇಂದ್ರದ ಆವರಣದಲ್ಲಿ, 300 ಮೀಟರ್ ಅಂತರದ ಎರಡು ಕಟ್ಟಡಗಳ ನಡುವೆ, ಬೆಳಕಿನ ಕಣಗಳ ಮೂಲಕ ಗುಪ್ತಸಂಕೇತದ ಕೀಲಿಯನ್ನು ಕಳಿಸಿದ ಪ್ರಯೋಗವನ್ನು 2021ರ ಮಾರ್ಚಿನಲ್ಲಿ ಪ್ರಕಟಿಸಲಾಯಿತು. ಬಿಸಿಲು ಅಡ್ಡಬಾರದೆಂದು ಆ ಪ್ರಯೋಗವನ್ನು ರಾತ್ರಿ ನಡೆಸಿದ್ದರು.

ಹೀಗಿರುವಾಗ ಮನೋವೈದ್ಯರ ಮುಂದೆ ಒಬ್ಬರು ಕುಳಿತು, 'ನಮ್ಮ ಮನೆಯ ದೀಪ ಕಣ್ಣಿಗೆ ಕಾಣದ ಹಾಗೆ ಮಿನುಗುತ್ತ ಸಂದೇಶ ಕಳಿಸುತ್ತಿದೆ' ಎಂದರೆ? ಇಪ್ಪತ್ತು ವರ್ಷಗಳ ಹಿಂದೆ ಆ ಒಂದು ವಾಕ್ಯಕ್ಕೇ ಕಾಯಿಲೆಯ ಹೆಸರು ಬಿದ್ದುಬಿಡುತ್ತಿತ್ತು. ಇಂದು ಅದು ಒಬ್ಬ ಇಂಜಿನಿಯರನ ದಿನಚರಿಯ ವರದಿಯೂ ಆಗಿರಬಹುದು.

ಲಂಡನ್ನಿನ ಬೆಥ್ಲೆಮ್ ಆಸ್ಪತ್ರೆಯಲ್ಲಿ ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಎಂಬ ಚಹಾ ವ್ಯಾಪಾರಿಯನ್ನು ಇರಿಸಿದ್ದರು. ನೆಲಮಾಳಿಗೆಯಲ್ಲಿ ಅಡಗಿದ ಗುಂಪೊಂದು 'ಗಾಳಿಮಗ್ಗ' ಎಂಬ ಯಂತ್ರವನ್ನು ನಡೆಸುತ್ತ ತನ್ನ ಆಲೋಚನೆಗಳನ್ನು ಹಿಡಿದಿಟ್ಟಿದೆ ಎಂಬುದು ಆತನ ದೂರು. ಆ ಯಂತ್ರದ ಚಿತ್ರವನ್ನೂ ಆತ ಅಚ್ಚುಕಟ್ಟಾಗಿ ಬರೆದುಕೊಟ್ಟಿದ್ದ. ಆಸ್ಪತ್ರೆಯ ಜಾನ್ ಹ್ಯಾಸ್ಲಮ್ 1810ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದರು. ನಮ್ಮ ಬಳಗದಲ್ಲಿ ಸೂರತ್ತಿನ ಜವಳಿ ಉದ್ಯಮದವರು ಒಬ್ಬರಿದ್ದಾರೆ. ಈ ಕಥೆ ಕೇಳಿ ಅವರು ನಗಲಿಲ್ಲ. 'ಗಾಳಿಮಗ್ಗ ಈಗ ನಿಜವಾಗಿಯೂ ಇದೆಯಲ್ಲ' ಎಂದರು. ಏರ್‌ಜೆಟ್ ಮಗ್ಗದಲ್ಲಿ ಲಾಳಿಯೇ ಇರುವುದಿಲ್ಲ. ಹಾಸಿನ ನಡುವೆ ಹೊಕ್ಕಿನ ನೂಲನ್ನು ಒತ್ತಡದ ಗಾಳಿ ಹೊತ್ತೊಯ್ಯುತ್ತದೆ. ಹಾಗೆಂದು ಮ್ಯಾಥ್ಯೂಸ್ ಸ್ವಸ್ಥನಾಗಿದ್ದನೇ? ಇಲ್ಲ. ಯಂತ್ರ ಇರುವುದು, ಇಲ್ಲದಿರುವುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ.

ವಿಯೆನ್ನಾದ ವಿಕ್ಟರ್ ಟೌಸ್ಕ್ 1919ರಲ್ಲಿ ಇಂತಹ 'ಪ್ರಭಾವ ಬೀರುವ ಯಂತ್ರ'ಗಳ ಕುರಿತೇ ಪ್ರಬಂಧ ಬರೆದರು. ಕಾಲ ಬದಲಾದಂತೆ ಗಾಳಿಯ ಜಾಗಕ್ಕೆ ವಿದ್ಯುತ್ತು, ರೇಡಿಯೊ, ಟಿವಿ, ಮೊಬೈಲ್ ಬಂದವು. ಕಾರ್ಲ್ ಯಾಸ್ಪರ್ಸ್ ಅದಕ್ಕೂ ಮೊದಲೇ, 1913ರಲ್ಲಿ, ನಂಬಿಕೆಯ ಹೂರಣವನ್ನೂ ಅದರ ಆಕಾರವನ್ನೂ ಬೇರೆ ಬೇರೆಯಾಗಿ ನೋಡಬೇಕೆಂದಿದ್ದರು. ಅನುಭವಸ್ಥ ವೈದ್ಯರು 'ದೀಪ ಸಂದೇಶ ಕಳಿಸಬಲ್ಲದೇ' ಎಂಬ ವಾದಕ್ಕೆ ಇಳಿಯುವುದಿಲ್ಲ. ಅದು ನಿಮಗೊಬ್ಬರಿಗೇ ಹೇಳುತ್ತಿದೆಯೇ, ಎಂದಿನಿಂದ, ಗೊತ್ತಾದದ್ದು ಹೇಗೆ, ಬೇರೆ ಕಾರಣವೂ ಇರಬಹುದೆಂದು ಎಂದಾದರೂ ಅನ್ನಿಸಿತೇ, ನಿದ್ದೆ ಹೇಗಿದೆ ಎಂದು ಕೇಳುತ್ತಾರೆ. ಜೊತೆಗೆ ದೇಹವನ್ನೂ ಪರೀಕ್ಷಿಸುತ್ತಾರೆ: ಮೂರ್ಛೆರೋಗ, ಥೈರಾಯ್ಡ್, ಬಿ12 ಜೀವಸತ್ವದ ಕೊರತೆ, ವಯಸ್ಸಾದವರಲ್ಲಿ ಮೂತ್ರದ ಸೋಂಕು. ಈ ಪಟ್ಟಿ ನೀರಸವೆನಿಸಬಹುದು, ಆದರೆ ವಿಚಿತ್ರವೆನಿಸುವ ಎಷ್ಟೋ ದೂರುಗಳ ಬೇರು ಸಿಗುವುದು ಇಲ್ಲಿಯೇ.

ಆದರೆ ಈ ಪ್ರಶ್ನೆಗಳೆಲ್ಲ ನಡೆಯುವುದು ಭಾಷೆಯಲ್ಲಿ. ಹೊರನಾಡಿನವರಾದ ನಮ್ಮ ಕಷ್ಟ ಶುರುವಾಗುವುದೂ ಅಲ್ಲಿಂದಲೇ.

ವಡೋದರಾದಲ್ಲಿರುವ ನಮ್ಮ ಬಳಗದ ಒಬ್ಬರ ತಾಯಿ ಹಾವೇರಿ ಕಡೆಯವರು, ಎಂಬತ್ತರ ಸಮೀಪದವರು. ಮಾತು ಕಡಿಮೆ ಮಾಡಿ ರಾತ್ರಿಯಿಡೀ ಎದ್ದು ಕೂರತೊಡಗಿದಾಗ ಅವರನ್ನು ಮನೋವೈದ್ಯರಲ್ಲಿಗೆ ಕರೆದೊಯ್ದರು. 'ತಲ್ಯಾಗ ಹುಳಾ ಬಿಟ್ಟಾರ್ರೀ, ನಿದ್ದಿ ಎಲ್ಲಿಂದ ಬರಬೇಕು' ಎಂದರು ಅಜ್ಜಿ. ಅಲ್ಲೇ ಹುಟ್ಟಿ ಬೆಳೆದ ಮೊಮ್ಮಗ ಅದನ್ನು ಪದಕ್ಕೆ ಪದವಿಟ್ಟು ಹಿಂದಿಯಲ್ಲಿ ಹೇಳಿದ: ಯಾರೋ ಇವರ ತಲೆಯೊಳಗೆ ಹುಳುಗಳನ್ನು ಬಿಟ್ಟಿದ್ದಾರಂತೆ. ಮೈಯಲ್ಲಿ ಹುಳು ಹರಿದಾಡುತ್ತಿದೆ ಎಂಬ ಅಚಲ ಹುಸಿನಂಬಿಕೆಗೆ ಮನೋವೈದ್ಯಶಾಸ್ತ್ರದಲ್ಲಿ ಹೆಸರಿದೆ, ಔಷಧಿಯೂ ಇದೆ. ಪುಣ್ಯಕ್ಕೆ ಆ ವೈದ್ಯರು ಚೀಟಿ ಬರೆಯುವ ಮೊದಲು 'ಯಾರು ಬಿಟ್ಟರು' ಎಂದು ಕೇಳಿದರು. ಅಜ್ಜಿ ಪಕ್ಕದಲ್ಲಿ ಕೂತಿದ್ದವರತ್ತ ಕೈ ತೋರಿಸಿದರು: 'ನನ್ನ ಮಗಾನ. ಊರಾಗಿನ ಮನಿ ಮಾರೂಣು ಅಂದಾನ.'

ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆಮೇಲೆ, ಮಗ ತಾನೇ ಹಿಂದಿಯಲ್ಲಿ ಆ ನುಡಿಗಟ್ಟಿನ ಅರ್ಥ ಬಿಡಿಸಿ ಹೇಳಿದ ಮೇಲೆ, ಅಜ್ಜಿ ಇನ್ನೊಂದು ಮಾತು ಹೊರಗೆಡವಿದರು. ಸಂಜೆ ದೀಪ ಹಚ್ಚಿದೊಡನೆ ಪರದೆಯ ಬಳಿ ಬಣ್ಣದ ಅಂಗಿ ತೊಟ್ಟ ಸಣ್ಣ ಮಕ್ಕಳು ಕಾಣುತ್ತಾರೆ, ಮಾತಾಡುವುದಿಲ್ಲ. ಅಲ್ಲಿ ಯಾರೂ ಇಲ್ಲವೆಂದು ತನಗೂ ಗೊತ್ತು. ಹೇಳಿದರೆ ಹುಚ್ಚು ಅಂದಾರು ಎಂದು ಹೇಳಿರಲಿಲ್ಲ. ವೈದ್ಯರು ಅವರನ್ನು ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದರು. ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ದೃಷ್ಟಿ ಮಂದವಾದಾಗ ಮಿದುಳು ತಾನೇ ಚಿತ್ರಗಳನ್ನು ಕಟ್ಟಿಕೊಳ್ಳುವ ಈ ಸ್ಥಿತಿಯನ್ನು ಜಿನೀವಾದ ಷಾರ್ಲ್ ಬಾನೆ 1760ರಲ್ಲೇ, ತನ್ನ ಅಜ್ಜನಲ್ಲಿ ಕಂಡು, ದಾಖಲಿಸಿದ್ದಾನೆ. ಮನೆಯವರು ಹೆದರಿದ್ದ ಮಾತು ಬರಿಯ ನುಡಿಗಟ್ಟಾಗಿತ್ತು, ವೈದ್ಯರಿಗೆ ಮೊದಲೇ ತಿಳಿಯಬೇಕಿದ್ದ ಸಂಗತಿ ಬಾಯಿಂದ ಹೊರಗೇ ಬಂದಿರಲಿಲ್ಲ.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ, 14416, ಕನ್ನಡವೂ ಸೇರಿ ಇಪ್ಪತ್ತು ಭಾಷೆಗಳಲ್ಲಿ ಮಾತಾಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನ. ಇದು ದೊಡ್ಡ ಅನುಕೂಲವೇ. ಆದರೂ ಎದುರಿಗೆ ಕೂರುವ ವೈದ್ಯರು ಗುಜರಾತಿಯವರು, ದುಭಾಷಿಗಳು ನಮ್ಮ ಮಕ್ಕಳು.

ಆದ್ದರಿಂದ ನಮ್ಮ ಬಳಗದಲ್ಲಿ ಈಗ ಒಂದು ನೋಟುಪುಸ್ತಕವಿದೆ. ಹಿರಿಯರು ತಮ್ಮ ಸಂಕಟಕ್ಕೆ ಬಳಸುವ ಮಾತುಗಳನ್ನು ಅವರು ಆಡಿದ ಹಾಗೆಯೇ ಕನ್ನಡದಲ್ಲಿ ಬರೆದು, ಎದುರಿಗೆ ಅದರ ಭಾವವನ್ನು ಗುಜರಾತಿಯಲ್ಲೂ ಹಿಂದಿಯಲ್ಲೂ ಬರೆಯುತ್ತಿದ್ದೇವೆ. 'ಎದೆ ಝಲ್ಲೆಂದಿತು', 'ಹೊಟ್ಟೆ ಉರಿಯುತ್ತದೆ', 'ಕೈಕಾಲು ಬಿದ್ದುಹೋದಂತಾಗಿದೆ', 'ಜೀವ ಹೊಯ್ದಾಡುತ್ತದೆ' — ಇವಕ್ಕೆಲ್ಲ ಹೇಗೋ ಸಮಾನ ಮಾತುಗಳು ದೊರೆತವು. 'ಮೈಮೇಲೆ ಬರುತ್ತದೆ' ಎಂಬಲ್ಲಿ ಮಾತ್ರ ಚರ್ಚೆ ಎರಡು ಭಾನುವಾರ ನಡೆದರೂ ಮುಗಿದಿಲ್ಲ. ಕರಾವಳಿಯವರು ಒಂದು ಅರ್ಥ ಹೇಳುತ್ತಾರೆ, ಬೆಳಗಾವಿಯವರು ಇನ್ನೊಂದು. ಆ ಸಾಲಿನ ಎದುರಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ.