ಆಯಿಯ ಸಂಚಿ

ದರ್ಜಿಯ ಅಂಗಡಿಯಿಂದ ಹೊಲಿದ ಕುಪ್ಪಸದ ಜೊತೆಗೆ ಉಳಿದ ಬಟ್ಟೆಯ ಚೂರನ್ನೂ ಕೇಳಿ ತರುವ ಹೆಂಗಸರ ಗುಂಪಿಗೆ ಸೇರಿದವಳು ನಾನು. ಹುಬ್ಬಳ್ಳಿಯ ನಮ್ಮ ದರ್ಜಿಗೆ ಇದು ಚೆನ್ನಾಗಿ ಗೊತ್ತು. ನಾನು ಹೋದ ಕೂಡಲೇ, "ಬಾಯಾರ, ನಿಮ್ಮ ಚಿಂದಿ ಬ್ಯಾರೇನ ಕಟ್ಟಿಟ್ಟೀನ್ರಿ" ಎಂದು ಪುಟ್ಟ ಗಂಟೊಂದನ್ನು ಮುಂದಿಡುತ್ತಾನೆ. ಪಕ್ಕದಲ್ಲಿ ನಿಂತ ಗಿರಾಕಿಗಳು ನಗುತ್ತಾರೆ. ನಗಲಿ ಬಿಡಿ. ದುಡ್ಡು ಕೊಟ್ಟು ತಂದ ಖಣ, ಅಂಗೈ ಅಗಲ ಉಳಿದರೂ ಅದು ನನ್ನದೇ ಅಲ್ಲವೇ?

ಹೀಗೆ ಕೂಡಿಟ್ಟ ಚಿಂದಿ ಮೂವತ್ತು ವರ್ಷಗಳಲ್ಲಿ ಒಂದು ಟ್ರಂಕು ತುಂಬಿತು. ನಮ್ಮ ಮನೆಯವರು ಅದನ್ನು "ನಿನ್ನ ಬ್ಯಾಂಕು" ಎಂದು ಹಾಸ್ಯ ಮಾಡುತ್ತಾರೆ. ಆ ಬ್ಯಾಂಕಿನ ಲೆಕ್ಕ ನನಗೆ ಬಾಯಿಪಾಠ. ಈ ಗಿಳಿಹಸಿರು ನನ್ನ ಸೀಮಂತದ್ದು, ಈ ನೇರಳೆ ಅಕ್ಕನ ಗೃಹಪ್ರವೇಶದ್ದು, ಈ ದಾಳಿಂಬೆ ಬಣ್ಣದ್ದು ಅವ್ವ ಪಂಚಮಿಗೆ ಕಳಿಸಿದ್ದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಇವುಗಳಿಂದ ಏನು ಮಾಡುತ್ತೀ ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು 2023ರಲ್ಲಿ, ಮಗಳ ಮದುವೆ ಗೊತ್ತಾದಾಗ. "ಅವ್ವಾ, ಸೀರಿ ಉಟ್ಟಾಗ ಫೋನ್ ಇಡಲಿಕ್ಕೆ ಜಾಗಾನ ಇರೂದಿಲ್ಲ. ಅಂಗಡೀ ಪೋಟ್ಲಿ ಬ್ಯಾಡ. ಹಳೇ ಕಾಲದಾಗ ಸಂಚಿ ಇರತಿತ್ತಲ್ಲ, ಅಂಥಾದ್ದು ನಿನ್ನ ಚಿಂದಿಯೊಳಗ ಹೊಲದು ಕೊಡು" ಎಂದಳು. ನನಗೆ ಹಿಗ್ಗೋ ಹಿಗ್ಗು. ಒಂದೇಕೆ, ಮದುವೆಗೆ ಬರುವ ನಮ್ಮ ಮನೆತನದ ಹೆಂಗಸರಿಗೆಲ್ಲ ಒಂದೊಂದು ಹೊಲಿಯುತ್ತೇನೆ ಎಂದು ಹೇಳಿಬಿಟ್ಟೆ.

ಸಂಚಿ ಎಂದರೆ ಎಲೆ ಅಡಿಕೆಯ ಚೀಲ. ನಮ್ಮ ಕಡೆ ಚಂಚಿ ಎನ್ನುವವರೂ ಉಂಟು. ಹೊರಗಿನಿಂದ ನೋಡಿದರೆ ಒಂದೇ ಚೀಲ, ಬಾಯಿ ಬಿಚ್ಚಿದರೆ ಒಳಗೆ ಮೂರು ನಾಲ್ಕು ಮನೆಗಳು. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಲವಂಗಕ್ಕೋ ತಂಬಾಕಿಗೋ ಮತ್ತೊಂದು. ಎರಡೂ ಕಡೆಯ ಲಾಡಿ ಎಳೆದರೆ ಬಾಯಿ ಮುಚ್ಚುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು. ಬಡವರದು ಹಳೆ ಸೀರೆಯ ತುಂಡಿನದಾದರೆ, ಉಳ್ಳವರದು ರೇಷ್ಮೆಯದು, ಗೊಂಡೆ ಕಟ್ಟಿದ್ದು. ಇದೇ ಸಂಚಿ ಹಿಡಿದು ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಊಳಿಗ ಮಾಡುತ್ತಿದ್ದ ಹೆಣ್ಣುಮಗಳು, 17ನೆಯ ಶತಮಾನದಲ್ಲಿ 'ಹದಿಬದೆಯ ಧರ್ಮ' ಎಂಬ ಸಾಂಗತ್ಯ ಕಾವ್ಯ ಬರೆದು ಸಂಚಿ ಹೊನ್ನಮ್ಮ ಎಂದೇ ಹೆಸರಾದಳು. ಪತಿವ್ರತೆಯ ಧರ್ಮ ಹೇಳಲು ಹೊರಟವಳು ನಡುವೆ ನಿಂತು, ಹೆಣ್ಣೆಂದರೆ ಕೀಳೆನ್ನುವವರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡಳು. ಎಲೆ ಅಡಿಕೆ ಇಡುವ ಚೀಲದಲ್ಲಿ ಅದೊಂದು ಮಾತನ್ನೂ ಇಟ್ಟುಕೊಂಡಿದ್ದಳೋ ಏನೋ!

ಸಂಚಿ ಹೊಲಿಯುವುದೇನು ಮಹಾ ಎಂದುಕೊಂಡು ಕುಳಿತೆ. ಖಣದ ಚಿಂದಿ ನನಗೆ ಬುದ್ಧಿ ಕಲಿಸಿತು. ಗುಳೇದಗುಡ್ಡದ ಖಣದಲ್ಲಿ ಚಿತ್ತಾರ ಮೂಡುವುದು ಹಾಸಿನಲ್ಲಿ ಹೆಚ್ಚಿಗೆ ಸೇರಿಸಿದ ಎಳೆಗಳಿಂದ. ಮುಂದೆ ತೇರು, ಆನೆಹೆಜ್ಜೆ ಚೆಂದ ಕಾಣುತ್ತಿದ್ದರೆ ಹಿಂದೆ ಆ ಎಳೆಗಳು ಸಡಿಲವಾಗಿ ತೇಲುತ್ತಿರುತ್ತವೆ. ಕತ್ತರಿ ತಾಗಿದರೆ ಅಂಚು ಬಿಚ್ಚಿಕೊಳ್ಳುತ್ತದೆ. ಉಗುರು, ಬಳೆ ಸಿಕ್ಕಿದರೆ ಎಳೆ ಕಿತ್ತು ಬರುತ್ತದೆ. ಆದ್ದರಿಂದ ಪ್ರತಿ ತುಂಡಿನ ಅಂಚನ್ನು ಅರ್ಧ ಇಂಚು ಒಳಗೆ ಮಡಿಸಬೇಕು, ಹಿಂದೆ ಅಸ್ತರ ಕೊಡಬೇಕು. ಅಷ್ಟಾದಮೇಲೆ ಉಳಿಯುವುದೆಷ್ಟು? ಹಿಂದಿನವರ ಕುಪ್ಪಸವಾದರೆ ಬಹುಪಾಲು ನೇರ ಗೆರೆಯಲ್ಲಿ ಕತ್ತರಿಸಿ ಕೂಡಿಸುವಂಥದ್ದು, ವ್ಯರ್ಥವಾಗುವುದು ಕಡಿಮೆ. ಉಳಿದರೆ ಒಂದೆರಡು ಚೌಕ, ಮುಕ್ಕೋನ. ಈಗಿನ ಬ್ಲೌಸಿನಲ್ಲಿ ಕೊರಳು ದುಂಡಗೆ, ಕಂಕುಳು ದುಂಡಗೆ. ಉಳಿಯುವ ಚಿಂದಿಯೆಲ್ಲ ಅರ್ಧಚಂದ್ರ. ಆ ಅರ್ಧಚಂದ್ರಗಳಲ್ಲಿ ಚೌಕ ಕಡಿಯುತ್ತ ಕುಳಿತರೆ ಚಿಂದಿಯಲ್ಲೂ ಮತ್ತೆ ಚಿಂದಿ!

ಹೇಗೋ ಕೂಡಿಸಿ, ಐದು ಪದರ ಒಂದರ ಮೇಲೊಂದಿಟ್ಟು ಮೂರು ಬದಿ ಹೊಲಿದೆ. ನಾಲ್ಕು ಮನೆಗಳೇನೋ ಆದವು. ಆದರೆ ಲಾಡಿ ಎಳೆದರೆ ಬಾಯಿ ಮುಚ್ಚಲೊಲ್ಲದು. ಐದೂ ಪದರದ ಅಂಚು ಒಂದೇ ಕಡೆ ಸೇರಿ ಮುದ್ದೆಯಾಗಿ ನಿಂತಿತು. ಬಿಚ್ಚಿದೆ, ಮತ್ತೆ ಹೊಲಿದೆ. ಎರಡನೆಯದೂ ಅಷ್ಟೆ. ಮೂರನೆಯದಕ್ಕೆ ಸೂಜಿಯೇ ಮುರಿಯಿತು. "ಬ್ಯಾಂಕು ದಿವಾಳಿ ಆಗಾಕತ್ತೇತಿ" ಎಂದರು ಮನೆಯವರು.

ಆಗ ನೆನಪಾದದ್ದು ಆಯಿಯ ಸಂಚಿ. ಆಯಿ ಎಂದರೆ ನಮ್ಮಪ್ಪನ ತಾಯಿ. ಅವಳು ಹೋದಮೇಲೆ ಅವ್ವ ಅದನ್ನು ನನಗೆ ಕೊಟ್ಟಿದ್ದಳು. ಹೊರಗೆಲ್ಲ ಆಯಿಯ ಹಳೆ ಸೀರೆಯ ಮಾಸಿದ ಕಪ್ಪು ಬಟ್ಟೆ, ಒಳಗಿನ ಮನೆಗಳಿಗೆ ಧೋತರದ ಬಿಳಿ ತುಂಡು. ನೋಡಲು ಏನೇನೂ ಚೆಂದವಿಲ್ಲ. ಆದರೂ ನನ್ನ ಪೆಟ್ಟಿಗೆಯಲ್ಲಿ ರೇಷ್ಮೆ ಸೀರೆಗಳ ನಡುವೆ ಅದಕ್ಕೊಂದು ಜಾಗ. ಕಾರಣವಿದೆ.

ಆಯಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಆಮೇಲೆ ಎಲೆ ಬಿಟ್ಟಳಂತೆ, ತುಟಿ ಕೆಂಪಾಗಬಾರದಲ್ಲ! ಅಡಿಕೆ ಮಾತ್ರ ಬಿಡಲಿಲ್ಲ. ಹೀಗಾಗಿ ಸಂಚಿಯೂ ಉಳಿಯಿತು. ಒಂದು ಮನೆಯಲ್ಲಿ ಅಡಿಕೆ, ಒಂದರಲ್ಲಿ ಲವಂಗ, ಎಲೆಯ ಮನೆ ಖಾಲಿ. ಹಿಂಬದಿಯ ಮನೆಯಲ್ಲಿ ಬೆಣ್ಣೆ ಮಾರಿ ಬಂದ ದುಡ್ಡು. ಅದು ಎಷ್ಟಿದೆ ಎಂದು ಗಂಡುಮಕ್ಕಳಾರಿಗೂ ಗೊತ್ತಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, 1977ರಲ್ಲಿ, ಪರೀಕ್ಷೆಯ ಫೀ ಕಟ್ಟುವ ಹೊತ್ತಿಗೆ ಮನೆಯಲ್ಲಿ ಮಳೆಯಿಲ್ಲದ ವರ್ಷದ ತಾಪತ್ರಯ. "ಹೆಣ್ಣುಡುಗಿ, ಇಷ್ಟು ಕಲತದ್ದು ಸಾಕು" ಎಂದಿದ್ದರು ದೊಡ್ಡವರು. ನಾನು ಹಿತ್ತಲಲ್ಲಿ ಅಳುತ್ತ ಕೂತಿದ್ದೆ. ಆಯಿ ಬಂದು, ಮಾತಿಲ್ಲದೆ ಲಾಡಿ ಬಿಚ್ಚಿ, ಅಡಿಕೆಯ ವಾಸನೆ ಹತ್ತಿದ ನೋಟುಗಳನ್ನು ನನ್ನ ಮುಷ್ಟಿಯಲ್ಲಿಟ್ಟು ಮಡಿಚಿದಳು. "ಯಾರಿಗೂ ಹೇಳಬ್ಯಾಡ ಮಗಳ" ಎಂದಷ್ಟೇ ಅಂದಳು. ನಾನು ಪಾಸಾದೆ, ಮುಂದೆ ನೌಕರಿಯನ್ನೂ ಮಾಡಿದೆ. ನನ್ನ ಸಂಬಳದ ಮೊದಲ ಬಂಡವಾಳ ಆ ಸಂಚಿಯದು.

ಹೆಂಗಸರ ಕಥೆ ಎಲ್ಲ ಕಡೆಗೂ ಒಂದೇ ಎನ್ನಿಸುತ್ತದೆ. ಬಾರ್ಬರಾ ಬರ್ಮನ್ ಮತ್ತು ಏರಿಯಾನ್ ಫೆನೆಟೊ ಎಂಬಿಬ್ಬರು ಬರೆದು 2019ರಲ್ಲಿ ಹೊರಬಂದ 'ದಿ ಪಾಕೆಟ್' ಎಂಬ ಇಂಗ್ಲಿಷ್ ಪುಸ್ತಕವನ್ನು ಮಗಳು ಓದಲು ಕೊಟ್ಟಿದ್ದಳು. ಇಂಗ್ಲೆಂಡಿನ ಹೆಂಗಸರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಲಂಗದೊಳಗೆ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಜೇಬುಗಳ ಕಥೆ ಅದು. ಆ ಜೇಬು ಉಡುಪಿಗೆ ಹೊಲಿದದ್ದಲ್ಲ, ಬೇರೆಯೇ ಚೀಲ. ಲಂಗದ ಬದಿಯ ಸೀಳಿನಲ್ಲಿ ಕೈ ಹಾಕಿ ತೆಗೆಯಬೇಕು. ಕಸೂತಿ ಹಾಕಿದವೂ ಇದ್ದವು, ಚಿಂದಿ ಕೂಡಿಸಿ ಹೊಲಿದವೂ ಇದ್ದವು. ಬೀಗದಕೈ, ಸೂಜಿ, ಚಿಲ್ಲರೆ, ಕಾಗದ ಎಲ್ಲ ಅದರಲ್ಲೇ. ಆ ದೇಶದ ಹೆಂಗಸಿನ ಆಸ್ತಿಯೆಲ್ಲ ಮದುವೆಯಾದೊಡನೆ ಗಂಡನದಾಗುತ್ತಿದ್ದ ಕಾಲದಲ್ಲಿ, ಅವಳು ತನ್ನದೆಂದು ಕೈಯಿಡಬಹುದಾದ ಜಾಗ ಅದೊಂದು. ಓದುತ್ತ ಓದುತ್ತ ನನಗೆ ಆಯಿಯ ಸೊಂಟವೇ ಕಣ್ಣಿಗೆ ಕಟ್ಟಿತು.

ಅಂಥ ಸಂಚಿಯ ಬಾಯಿ ಮುಚ್ಚುವ ಗುಟ್ಟು ತಿಳಿಯಬೇಕಾದರೆ ಅದರ ಹೊಲಿಗೆ ಬಿಚ್ಚಬೇಕು. ಎರಡು ದಿನ ಮನಸ್ಸಾಗಲಿಲ್ಲ. ಆಯಿಯ ಕೈಯ ಟಾಕಾ ಒಂದೊಂದೂ ಎಳ್ಳುಕಾಳಿನಷ್ಟು. ಒಮ್ಮೆ ಬಿಚ್ಚಿದರೆ ಮತ್ತೆ ಹಾಗೆ ಹಾಕಲು ನನ್ನಿಂದಾದೀತೇ? ಮೂರನೆಯ ದಿನ ಧೈರ್ಯ ಮಾಡಿ, ಒಂದು ಬದಿಯ ಹೊಲಿಗೆಯನ್ನಷ್ಟೇ ಬ್ಲೇಡಿನ ತುದಿಯಿಂದ ಕಿತ್ತೆ.

ಗುಟ್ಟು ಸುಲಭವಾಗಿಯೇ ಸಿಕ್ಕಿತು. ಒಳಗಿನ ಪದರಗಳನ್ನು ಆಯಿ ಹೊರಗಿನವಕ್ಕಿಂತ ಎರಡು ಬೆರಳು ಗಿಡ್ಡ ಮಾಡಿದ್ದಳು. ಲಾಡಿ ಓಡುವುದು ಹೊರಗಿನ ಎರಡೇ ಪದರದಲ್ಲಿ. ಒಳಗಿನವು ಕೆಳಗೇ ನಿಲ್ಲುತ್ತವೆ, ಬಾಯಿ ಹಗುರಾಗಿ ಮುಚ್ಚುತ್ತದೆ. ಇಷ್ಟೇ! ಅಷ್ಟಕ್ಕೇ ಬಿಟ್ಟು ಹೊಲಿದುಬಿಡಬಹುದಿತ್ತು. ಆದರೆ ಕಪ್ಪು ಬಟ್ಟೆಗೂ ಬಿಳಿ ಅಸ್ತರಕ್ಕೂ ನಡುವೆ ಏನೋ ದಪ್ಪ ಕೈಗೆ ಹತ್ತಿತು. ಅಸ್ತರ ಸರಿಸಿ ನೋಡಿದೆ.

ಒಳಗೆಲ್ಲ ಖಣ. ಹಸಿರು, ಕೆಂಪು, ನೇರಳೆ, ಹಳದಿ. ಅಂಗೈಯ ಕಾಲುಭಾಗದಷ್ಟಿನ ಚೌಕ, ಮುಕ್ಕೋನಗಳು. ದಪ್ಪ ಬರಲೆಂದು ಹೇಗೆಂದರೆ ಹಾಗೆ ತುರುಕಿದ್ದಲ್ಲ. ಅಂಚಿಗೆ ಅಂಚು ಕೂಡಿಸಿ, ಎಲ್ಲ ತೇರುಗಳೂ ನೆಟ್ಟಗೆ ನಿಲ್ಲುವಂತೆ, ಒಂದು ಬಣ್ಣದ ಪಕ್ಕ ಅದೇ ಬಣ್ಣ ಬರದಂತೆ ಹೊಲಿದಿದ್ದಳು. ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಬೆಳಕು ಕಾಣದ್ದರಿಂದ ಬಣ್ಣ ಒಂದಿಷ್ಟೂ ಮಾಸಿರಲಿಲ್ಲ.

ಊರಿಗೆ, ಅವ್ವನಿಗೆ ಫೋನು ಮಾಡಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಆಕಿಗೆ ಖಣ ಯಾರು ಕೊಡತಿದ್ರವ್ವಾ? ಉಡಿ ತುಂಬೋ ಹೊತ್ತಿನ್ಯಾಗ ಆಕಿ ಅಡಗಿಮನಿ ಬಿಟ್ಟು ಹೊರಗ ಬರತಿದ್ದಿಲ್ಲ. ಆದ್ರ ನಮ್ಮೆಲ್ಲಾರ ಕುಪ್ಪಸ ಹೊಲಿಯಾಕಿ ಆಕೀನ. ಉಳದ ಚಿಂದಿ ಏನ್ಮಾಡ್ತೀರಿ ಅತ್ತಿ ಅಂತ ನಾನೂ ಒಮ್ಮಿ ಕೇಳಿದ್ದೆ. ಒಲಿಗೆ ಹಾಕಿನಿ ಅಂದಿದ್ದಳು."

ನಮ್ಮ ಕಡೆಯ ಓದುಗರಿಗೆ ಉಡಿ ತುಂಬುವುದೆಂದರೆ ಏನೆಂದು ಹೇಳಬೇಕಿಲ್ಲ. ಮುತ್ತೈದೆಯ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅಡಿಕೆ, ಅದರ ಮೇಲೊಂದು ಖಣ. ಶರಣರ ವಚನ ಹಾಡುವ ಮನೆಗಳಲ್ಲೂ ಈ ಸಾಲಿನಲ್ಲಿ ಕೂರುವವರು ಬೇರೆ, ದೂರದಿಂದ ನೋಡುವವರು ಬೇರೆ. ಜೀವಮಾನವಿಡೀ ಇನ್ನೊಬ್ಬರ ಉಡಿಯ ಖಣ ಹೊಲಿದವಳು, ಅದರ ಚಿಂದಿಯನ್ನು ಕಪ್ಪು ಬಟ್ಟೆಯಡಿ ಮುಚ್ಚಿ ಸೊಂಟದಲ್ಲಿ ಇಟ್ಟುಕೊಂಡಿದ್ದಳು.

"ಈಗೇನು ಮಾಡಲೆವ್ವಾ? ಖಣ ಹೊರಗ ಕಾಣೂಹಂಗ ತಿರುವಿ ಹೊಲೀಲೇನು?" ಎಂದೆ. "ಬ್ಯಾಡ. ಹೆಂಗಿತ್ತೋ ಹಂಗ ಹೊಲಿ. ಆಕಿ ಮುಚ್ಚಿಟ್ಟಿದ್ದು ಆಕೀದು" ಎಂದಳು ಅವ್ವ. ಅದೇ ತೂತುಗಳಲ್ಲಿ ಸೂಜಿ ಹಾಯಿಸಿ ಹೊಲಿದೆ. ಒಂದು ಬದಿ ಹೊಲಿಯಲು ಇಡೀ ಮಧ್ಯಾಹ್ನ ಬೇಕಾಯಿತು.

ಮುಂದಿನ ಎರಡು ತಿಂಗಳಲ್ಲಿ ಇಪ್ಪತ್ತೊಂದು ಸಂಚಿ ಹೊಲಿದೆ. ಒಳಪದರ ಗಿಡ್ಡ, ಹೊರಗೆ ಖಣ, ತುದಿಗೆ ರೇಷ್ಮೆಯ ಗೊಂಡೆ. ಮಗಳದಕ್ಕೆ ಮಾತ್ರ ಗೇಣುದ್ದದ ಫೋನು ಹಿಡಿಸುವ ಹಾಗೆ ಅಳತೆ ದೊಡ್ಡದು, ಹಿಂಬದಿಗೆ ನೋಟು ಇಡಲು ಒಂದು ಮನೆ. ಆದರೆ ಹೊಲಿಯುವಾಗೆಲ್ಲ ನನ್ನ ಮನಸ್ಸು ಅಕ್ಕನ ಕಡೆಗೇ. ಭಾವ 2019ರಲ್ಲಿ ತೀರಿಕೊಂಡರು. ಅಲ್ಲಿಂದೀಚೆಗೆ ಅಕ್ಕ ಯಾವ ಮದುವೆಗೆ ಹೋದರೂ ಉಡಿ ತುಂಬುವ ಹೊತ್ತಿಗೆ ಏನೋ ಕೆಲಸ ನೆನಪಾಗಿ ಒಳಗೆ ಹೋಗುತ್ತಾಳೆ. ಅದನ್ನು ನಾನೂ ನೋಡಿದ್ದೆ. ನೋಡಿ ಸುಮ್ಮನಿದ್ದೆ. ಆಯಿಯನ್ನು ನೆನೆದು ಕಣ್ಣು ಒರೆಸಿಕೊಳ್ಳುವವಳು, ಒಡಹುಟ್ಟಿದವಳು ಅಡಿಗೆಮನೆಗೆ ಹೋಗುವುದನ್ನು ನಾಲ್ಕು ವರ್ಷ ಸುಮ್ಮನೆ ನೋಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಮದುವೆಯ ದಿನ ಉಡಿ ತುಂಬುವಾಗ ಅಕ್ಕ ಎಂದಿನಂತೆ ಎದ್ದಳು. ನಾನು ಕೈ ಹಿಡಿದು ಕೂರಿಸಿದೆ. "ಬ್ಯಾಡ ಬಿಡ, ಮಂದಿ ನೋಡಾಕತ್ತಾರ" ಎಂದಳು ಮೆಲ್ಲಗೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಹಾಕಿ, ಅದರ ಮೇಲೆ ಒಂದು ಸಂಚಿ ಇಟ್ಟೆ. ಸಂಚಿಯ ಕೆಳಗೆ ಇಡಿಯ ಖಣ, ತೇರಿನದು, ಹಸಿರು. ಬೀಗರ ಕಡೆಯ ಹಿರಿಯಾಕೆ ಒಬ್ಬರು, "ಇದ್ಯಾವ ಪದ್ಧತಿರೀ?" ಎಂದರು. ಉತ್ತರ ನನ್ನ ಬಾಯಿಗೆ ಬರುವ ಮೊದಲೇ ಗೋಡೆಗೆ ಆತು ಕೂತಿದ್ದ ಅವ್ವ, ತಾನೂ ಬಿಳಿ ಹಣೆಯವಳೇ, "ನಮ್ಮ ಮನೀದು" ಎಂದಳು. ಯಾರೂ ಮುಂದೆ ಮಾತಾಡಲಿಲ್ಲ. ಅಕ್ಕ ಮಾತ್ರ ತಲೆ ಎತ್ತಲೇ ಇಲ್ಲ. ಅವಳಿಗೆ ಸಂತೋಷವಾಯಿತೋ, ಹತ್ತು ಮಂದಿಯ ಮುಂದೆ ಸಂಕೋಚವಾಯಿತೋ ನನಗೆ ತಿಳಿಯಲಿಲ್ಲ. ಊರಿಗೆ ಹೋಗುವಾಗಲೂ ಅದರ ಮಾತೆತ್ತಲಿಲ್ಲ. ನನ್ನ ಮನಸ್ಸಮಾಧಾನಕ್ಕೆ ಅವಳನ್ನು ಮುಜುಗರಕ್ಕೆ ಒಡ್ಡಿದೆನೇ ಎಂದು ಬಹಳ ದಿನ ಕೊರೆಯಿತು.

ಆರು ತಿಂಗಳಾದಮೇಲೆ ಊರಿನಿಂದ ಬಂದವರೊಬ್ಬರು ಅಕ್ಕ ಕಳಿಸಿದ ಚೀಲ ತಂದುಕೊಟ್ಟರು. ಶೇಂಗಾ ಹೋಳಿಗೆ, ಅಗಸಿ ಚಟ್ನಿ, ಕೆಂಪು ಖಾರ. ತಳದಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಮೆತ್ತಗಿನದು. ಬಿಚ್ಚಿದೆ. ಹಸಿರು ಖಣದ ಚಿಂದಿ, ದುಂಡು ಕೊರಳಿನ ಒಂದು ಅರ್ಧಚಂದ್ರ, ಕಂಕುಳಿನ ಎರಡು.

ಅಕ್ಕ ಕುಪ್ಪಸ ಹೊಲಿಸಿದ್ದಳು.